ಸ್ಟೇಡಿಯಂ ಕೊಳ್ಳಬೇಕು ನಿಜ, ಆದರೆ ಕ್ರಯಪತ್ರ ಯಾರ ಹೆಸರಿಗೆ, ದುಡ್ಡು ಎಲ್ಲಿಂದ?

2025ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ಸಿಟಿ ಫುಟ್‌ಬಾಲ್ ಕ್ಲಬ್, ತಾನು ಬಾಡಿಗೆಗೆ ಆಡುತ್ತಿದ್ದ ಸ್ಟೇಡಿಯಮ್ಮನ್ನು ಫ್ರೇಸರ್ಸ್ ಗ್ರೂಪ್ ಎಂಬ ಚಿಲ್ಲರೆ ವ್ಯಾಪಾರ ಕಂಪನಿಯಿಂದ ಕೊಂಡುಕೊಂಡಿತು. ಆ ಸ್ಟೇಡಿಯಂ ಬಾಗಿಲು ತೆರೆದು ಅಷ್ಟೊತ್ತಿಗೆ ಸರಿಯಾಗಿ ಇಪ್ಪತ್ತು ವರ್ಷ. ಆ ಊರಿನ ಅಭಿಮಾನಿಗಳು ಸಂಭ್ರಮಿಸಿದ್ದು ನ್ಯಾಯವೇ. ಆದರೆ ಈ ಸುದ್ದಿ ಇಟ್ಟುಕೊಂಡು "ನೋಡಿ, ಪ್ರತಿ ಕ್ಲಬ್ಬೂ ಹೀಗೇ ಮಾಡಬೇಕು, ಬಾಡಿಗೆ ಕಟ್ಟೋದು ದಂಡ" ಎನ್ನುವವರಿಗೆ ಒಂದು ಮಾತು ಹೇಳಲೇಬೇಕು. ಇದೇ ಕಟ್ಟಡ ಬಾಡಿಗೆಯ ಜಗಳದಲ್ಲಿ ಇದೇ ಕ್ಲಬ್ಬನ್ನು ಎರಡು ಸಲ ಊರು ಬಿಡಿಸಿದೆ. ಇದನ್ನೇ ಸಾಲ ಮಾಡಿ ಕೊಂಡ ಇನ್ನೊಂದು ಕ್ಲಬ್ ದಿವಾಳಿಯಾಗಿದೆ. ಎರಡೂ ಕಥೆ ಗೊತ್ತಿಲ್ಲದೆ ಕೊಳ್ಳಬೇಕೋ ಬೇಡವೋ ಎಂದು ತೀರ್ಮಾನ ಹೇಳಲಾಗದು.

ಕೊವೆಂಟ್ರಿ 1899ರಿಂದ 2005ರವರೆಗೆ ಹೈಫೀಲ್ಡ್ ರೋಡ್‌ನಲ್ಲಿ ಆಡಿತು. ಹೊಸ ಸ್ಟೇಡಿಯಮ್ಮಿನ ಕನಸಿನಲ್ಲಿ ಆ ಜಾಗವನ್ನು ಮಾರಿತು. ಈಗ ಅಲ್ಲಿ ಮನೆಗಳಿವೆ. ಸುಮಾರು 11.3 ಕೋಟಿ ಪೌಂಡ್‌ನಲ್ಲಿ 32,600 ಆಸನಗಳ ರಿಕೋ ಅರೀನಾ (ಮೇಲೆ ಹೇಳಿದ ಸ್ಟೇಡಿಯಂ ಇದೇ) ಎದ್ದಿತು. ಆದರೆ ದುಡ್ಡು ಮುಗಿದಿದ್ದ ಕ್ಲಬ್, ಅರೀನಾ ನಡೆಸುವ ಕಂಪನಿಯಲ್ಲಿ ತನಗಿದ್ದ ಅರ್ಧ ಪಾಲನ್ನು ಹಿಗ್ಸ್ ಎಂಬ ಧರ್ಮದತ್ತಿ ಸಂಸ್ಥೆಗೆ ಮೊದಲೇ ಬಿಟ್ಟುಕೊಟ್ಟಿತ್ತು. ಉಳಿದರ್ಧ ನಗರಪಾಲಿಕೆಯದು. ಹೀಗೆ ತನಗೆಂದೇ ಕಟ್ಟಿದ ಸ್ಟೇಡಿಯಮ್ಮಿಗೆ ಕ್ಲಬ್ ಬಾಡಿಗೆದಾರನಾಗಿ ಹೋಯಿತು. ವರ್ಷಕ್ಕೆ ಹತ್ತಿರ ಹತ್ತಿರ 12 ಲಕ್ಷ ಪೌಂಡ್ ಬಾಡಿಗೆ.

ಎಲ್ಲರೂ ಆ 12 ಲಕ್ಷದ ಬಗ್ಗೆಯೇ ಮಾತಾಡಿದರು. ಅಸಲು ನೋವು ಇದ್ದದ್ದು ಬೇರೆ ಕಡೆ. ಆ ಕಟ್ಟಡದಲ್ಲಿ 6,000 ಚದರ ಮೀಟರಿನ ಪ್ರದರ್ಶನ ಸಭಾಂಗಣ, ಹೋಟೆಲ್, ಕ್ಯಾಸಿನೊ, ಸುತ್ತ ಪಾರ್ಕಿಂಗ್ ಎಲ್ಲ ಇದ್ದವು. ಅವುಗಳ ಆದಾಯದಲ್ಲಿ ಕ್ಲಬ್ಬಿನ ಹೆಸರಿರಲಿಲ್ಲ. ಪಂದ್ಯದ ದಿನ ಸಾವಿರಾರು ಜನ ಬರುತ್ತಿದ್ದುದು ಕ್ಲಬ್ಬಿನಿಂದ, ಅವರು ಕುಡಿದ ಬಿಯರ್, ತಿಂದ ಪೈ, ಕಾರು ನಿಲ್ಲಿಸಿದ ಕಾಸು ಹೆಚ್ಚುಪಾಲು ಸೇರುತ್ತಿದ್ದುದು ಇನ್ನೊಬ್ಬರಿಗೆ. ಒಂದು ಫುಟ್‌ಬಾಲ್ ಕ್ಲಬ್ಬಿಗೆ ತನ್ನ ಮೈದಾನದಲ್ಲಿ ಲೀಗ್ ಪಂದ್ಯ ಸಿಗುವುದು ವರ್ಷಕ್ಕೆ 23. ಉಳಿದ 340 ದಿನ ಕಟ್ಟಡದಿಂದ ಯಾರು ದುಡಿಯುತ್ತಾರೆ ಅನ್ನುವುದೇ ಇಲ್ಲಿನ ಪ್ರಶ್ನೆ.

ಬಾಡಿಗೆ ಉಳಿಸುವುದಕ್ಕೆಂದೇ ಕೊಳ್ಳುವುದು ಏಕೆ ತಪ್ಪು ಲೆಕ್ಕ ಅಂತ ಒಮ್ಮೆ ಕೂತು ಗುಣಿಸಿ ನೋಡಿ. ವರ್ಷಕ್ಕೆ 12 ಲಕ್ಷ ಬಾಡಿಗೆ ತರುವ ಆಸ್ತಿಗೆ ಶೇ 7ರ ಹುಟ್ಟುವಳಿ (ಹಾಕಿದ ಹಣಕ್ಕೆ ಸಿಗುವ ವರ್ಷದ ಆದಾಯ) ಹಿಡಿದರೆ ಬೆಲೆ 1.7 ಕೋಟಿ ಆಗುತ್ತದೆ. 2022ರಲ್ಲಿ ಫ್ರೇಸರ್ಸ್ ಗ್ರೂಪ್ ಅರೀನಾವನ್ನು ಕೊಂಡದ್ದೂ 1.7 ಕೋಟಿ ಪೌಂಡಿಗೇ. ಸರಿ, ಕೊಂಡಿರಿ ಅಂತಿಟ್ಟುಕೊಳ್ಳಿ, ಬಾಡಿಗೆ ನಿಂತಿತು. ಈಗ ಛಾವಣಿ ಸೋರಿದರೆ ನಿಮ್ಮದು, ಲಿಫ್ಟ್ ಕೆಟ್ಟರೆ ನಿಮ್ಮದು, ವಿಮೆ, ಸ್ಥಳೀಯ ತೆರಿಗೆ, ಫ್ಲಡ್‌ಲೈಟ್ ಕರೆಂಟು, ಉಕ್ಕಿನ ಬಣ್ಣ ಎಲ್ಲ ನಿಮ್ಮವು. ಇಂಥ ಕಟ್ಟಡಕ್ಕೆ ಕಟ್ಟಿದ ಖರ್ಚಿನ ಶೇ 1ನ್ನಾದರೂ ಪ್ರತಿ ವರ್ಷ ದುರಸ್ತಿಗೆ ಎತ್ತಿಡಬೇಕು. 11.3 ಕೋಟಿಯ ಶೇ 1 ಅಂದರೆ 11.3 ಲಕ್ಷ. ಬಾಡಿಗೆಯಲ್ಲಿ ಉಳಿದದ್ದು ದುರಸ್ತಿಗೆ ಸರಿಹೋಯಿತು! ಮೇಲೆ ಖರೀದಿಯ ದಿನವೇ ಮುದ್ರಾಂಕ ಶುಲ್ಕ: ಇಂಗ್ಲೆಂಡಿನಲ್ಲಿ ವಾಣಿಜ್ಯ ಆಸ್ತಿಗೆ ಎರಡೂವರೆ ಲಕ್ಷ ಪೌಂಡ್ ಮೇಲಿನ ಮೊತ್ತಕ್ಕೆ ಶೇ 5. 1.7 ಕೋಟಿಗೆ ಸುಮಾರು 8.4 ಲಕ್ಷ.

ಅಂದರೆ ಖರೀದಿ ಗಿಟ್ಟುವುದು ಊಟೋಪಚಾರ, ಸಭೆ-ಸಮಾರಂಭ, ಸಂಗೀತ ಕಾರ್ಯಕ್ರಮ, ಹೆಸರಿನ ಹಕ್ಕು (ಸ್ಟೇಡಿಯಮ್ಮಿಗೆ ಕಂಪನಿಯೊಂದು ತನ್ನ ಹೆಸರಿಡುವ ಹಕ್ಕು), ಪಾರ್ಕಿಂಗ್ ಇವು ಕ್ಲಬ್ಬಿನ ಕೈಗೆ ಬಂದಾಗ ಮಾತ್ರ. ಅವುಗಳನ್ನೆಲ್ಲ ಈಗಾಗಲೇ ಮೂರನೆಯವರಿಗೆ ಹತ್ತು-ಹದಿನೈದು ವರ್ಷಕ್ಕೆ ಬರೆದುಕೊಟ್ಟಿದ್ದರೆ ನೀವು ಕೊಳ್ಳುತ್ತಿರುವುದು ಬರೀ ಕಾಂಕ್ರೀಟು. ಆದ್ದರಿಂದ ಕ್ರಯದ ಮಾತಿಗೆ ಕೂರುವ ಮೊದಲು ಕೇಟರಿಂಗ್ ಒಪ್ಪಂದ, ಬಿಯರ್ ಸರಬರಾಜು ಒಪ್ಪಂದ, ಹೆಸರಿನ ಹಕ್ಕಿನ ಒಪ್ಪಂದಗಳ ಮುಗಿಯುವ ದಿನಾಂಕ ಕೇಳಿ ತರಿಸಿಕೊಳ್ಳಬೇಕು. ಬೆಲೆ ಚೌಕಾಸಿ ಆಮೇಲಿನ ಮಾತು.

ಲೆಕ್ಕಪತ್ರದ ಇನ್ನೊಂದು ಅಂಶ ಅಭಿಮಾನಿಗಳ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲೆಂಡಿನ ಎರಡನೇ ಹಂತದ ಲೀಗಿನಲ್ಲಿ ಮೂರು ವರ್ಷಕ್ಕೆ 3.9 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ತೋರಿಸುವಂತಿಲ್ಲ ಎಂಬ ನಿಯಮವಿದೆ. ಬಾಡಿಗೆ ಆ ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಸ್ವಂತ ಸ್ಟೇಡಿಯಮ್ಮಿನ ಸವಕಳಿಯನ್ನು (ಕಟ್ಟಡ ಹಳೆಯದಾದಂತೆ ಇಳಿಯುವ ಬೆಲೆಯನ್ನು) ಆ ಲೆಕ್ಕದಿಂದ ಹೊರಗಿಡುತ್ತಾರೆ. ಜೇಬಿನಿಂದ ಹೋಗುವ ಹಣ ಅಷ್ಟೇ ಇದ್ದರೂ ಸ್ವಂತ ಕಟ್ಟಡ ಇರುವ ಕ್ಲಬ್ಬಿಗೆ ಆಟಗಾರರ ಮೇಲೆ ಖರ್ಚು ಮಾಡಲು ಸ್ವಲ್ಪ ಜಾಗ ಹೆಚ್ಚು ಸಿಗುತ್ತದೆ.

ಕೊವೆಂಟ್ರಿಗೆ ಮರಳುತ್ತೇನೆ. ಕ್ಲಬ್ಬಿನ ಆಗಿನ ಮಾಲೀಕ ಸಿಸು ಎಂಬ ಹೆಡ್ಜ್ ಫಂಡ್ (ಹೂಡಿಕೆದಾರರ ಹಣ ತೊಡಗಿಸುವ ಸಂಸ್ಥೆ) 2012ರಲ್ಲಿ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿತು. ಜಗಳ ಕೋರ್ಟು ಹತ್ತಿತು. 2013-14ರಲ್ಲಿ ತಂಡ ಸುಮಾರು 55 ಕಿ.ಮೀ. ದೂರದ ನಾರ್ಥಾಂಪ್ಟನ್‌ನಲ್ಲಿ ತನ್ನ ತವರು ಪಂದ್ಯಗಳನ್ನು ಆಡಿತು. ಸರಾಸರಿ ಪ್ರೇಕ್ಷಕರು 2,300ರ ಆಸುಪಾಸು. ಮಾಲೀಕನ ಹಟಕ್ಕೆ ಬೇಸತ್ತು ಹಳೆಯ ಅಭಿಮಾನಿಗಳೇ ಹೋಗಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ತಂಡ ವಾಪಸು ಬಂತು, ಅದೇ ವರ್ಷ ಅರೀನಾ ಕಂಪನಿ ವಾಸ್ಪ್ಸ್ ರಗ್ಬಿ ಕ್ಲಬ್ಬಿನ ಪಾಲಾಯಿತು. 2019ರಿಂದ 2021ರವರೆಗೆ ಮತ್ತೆ ವಲಸೆ, ಈ ಸಲ ಬರ್ಮಿಂಗ್‌ಹ್ಯಾಮ್‌ಗೆ.

ಈಗ ವಾಸ್ಪ್ಸ್ ಕಥೆ. ಇದನ್ನು ಸ್ಟೇಡಿಯಂ ಕೊಳ್ಳಲು ಹೊರಟ ಪ್ರತಿ ಕ್ಲಬ್ಬಿನ ಆಡಳಿತ ಮಂಡಳಿಯೂ ಓದಬೇಕು. 1867ರಲ್ಲಿ ಹುಟ್ಟಿದ, ಎರಡು ಸಲ ಯುರೋಪ್ ಚಾಂಪಿಯನ್ ಆಗಿದ್ದ ಕ್ಲಬ್ ಅದು. ನಗರಪಾಲಿಕೆ ಅರೀನಾ ಕಂಪನಿಗೆ 2013ರಲ್ಲಿ ಕೊಟ್ಟಿದ್ದ 1.44 ಕೋಟಿ ಪೌಂಡ್ ಸಾಲದ ಹೊಣೆ ಸಮೇತ, 250 ವರ್ಷದ ಲೀಸ್ ಅದರ ಕೈಗೆ ಬಂತು. ಕಾಗದದ ಮೇಲೆ ಅದ್ಭುತ ವ್ಯವಹಾರ. 2015ರಲ್ಲಿ ಆ ಸ್ಟೇಡಿಯಮ್ಮನ್ನೇ ಆಧಾರವಾಗಿಟ್ಟು ಸಾರ್ವಜನಿಕರಿಂದ 3.5 ಕೋಟಿ ಪೌಂಡ್ ಬಾಂಡ್ ಎತ್ತಿದರು, ಶೇ 6.5 ಬಡ್ಡಿ, ಏಳು ವರ್ಷದ ಅವಧಿ. ಬಡ್ಡಿಯೊಂದೇ ವರ್ಷಕ್ಕೆ 22.75 ಲಕ್ಷ. ಫುಟ್‌ಬಾಲ್ ಕ್ಲಬ್ ಕಟ್ಟದೆ ಊರು ಬಿಟ್ಟ ಬಾಡಿಗೆಯ ಹತ್ತಿರ ಹತ್ತಿರ ಎರಡು ಪಟ್ಟು! ಅಸಲು ಕಂತಿನಲ್ಲಿ ತೀರುವ ಸಾಲವೂ ಅಲ್ಲ ಅದು, 2022ರ ಮೇ ತಿಂಗಳಲ್ಲಿ ಒಟ್ಟಿಗೆ ಕೊಡಬೇಕಿತ್ತು. ನಡುವೆ ಕೋವಿಡ್ ಬಂತು, ಪ್ರದರ್ಶನ-ಸಮಾರಂಭ ಎಲ್ಲ ನಿಂತವು. ಹೊಸ ಸಾಲ ಹುಟ್ಟಲಿಲ್ಲ. 2022ರ ಅಕ್ಟೋಬರಿನಲ್ಲಿ ವಾಸ್ಪ್ಸ್ ದಿವಾಳಿ ಆಡಳಿತಕ್ಕೆ ಹೋಯಿತು, ಆಟಗಾರರೂ ಸಿಬ್ಬಂದಿಯೂ ಕೆಲಸ ಕಳೆದುಕೊಂಡರು.

ನನ್ನ ವಾದದ ಅರ್ಧ ಇಲ್ಲೇ ಇದೆ. ಸ್ಟೇಡಿಯಂ ಖರೀದಿಗೆ ಮಾಲೀಕರು ತಮ್ಮ ಬಂಡವಾಳ ಹಾಕಲಿ. ಸಾಲ ಅನಿವಾರ್ಯವಾದರೆ ಅಸಲೂ ಬಡ್ಡಿಯೂ ಸೇರಿದ ದೀರ್ಘಾವಧಿ ಕಂತಿನ ಸಾಲ ಆಗಿರಲಿ. ತಂಡ ಕೆಳಗಿನ ಲೀಗಿಗೆ ಬಿದ್ದ ವರ್ಷದ ಆದಾಯದಲ್ಲೂ ಆ ಕಂತು ಕಟ್ಟಬಲ್ಲೆವೇ ಅಂತ ನೋಡಿ. ಆಗುವುದಿಲ್ಲ ಅಂದರೆ ಬಾಡಿಗೆಯಲ್ಲೇ ಇರಿ.

ಹಾಗಾದರೆ ಬಾಡಿಗೆಯಲ್ಲಿ ಹಾಯಾಗಿರಬಹುದೇ? ಅದೇ 2022ರ ಬೇಸಿಗೆ ನೋಡಿ. ಜುಲೈ ಕೊನೆಯ ವಾರಾಂತ್ಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಗ್ಬಿ ಸೆವೆನ್ಸ್ (ಏಳೇಳು ಆಟಗಾರರ ರಗ್ಬಿ) ಈ ಅಂಗಳದಲ್ಲಿ ನಡೆಯಿತು. ಮೂರು ದಿನದಲ್ಲಿ 60ಕ್ಕೂ ಹೆಚ್ಚು ಪಂದ್ಯ. ವೃತ್ತಿಪರ ಅಂಗಳವನ್ನು ನೋಡಿಕೊಳ್ಳುವ ಕ್ರಮವೇ ಬೇರೆ: ಋತು ಮುಗಿದ ಕೂಡಲೇ ಮೇ ತಿಂಗಳಲ್ಲಿ ಮೇಲಿನ ಹುಲ್ಲುಪದರವನ್ನು ಯಂತ್ರದಿಂದ ಕೆತ್ತಿ ತೆಗೆಯುತ್ತಾರೆ, ಗಟ್ಟಿಯಾದ ಮಣ್ಣನ್ನು ಸಡಿಲಿಸಿ ಮರಳು ಹರಡುತ್ತಾರೆ, ರೈ ಹುಲ್ಲಿನ ಬೀಜ ಬಿತ್ತುತ್ತಾರೆ. ಬೇರು ಹಿಡಿದು ಬೂಟಿನ ಮೊಳೆ ತಡೆಯುವಷ್ಟಾಗಲು ಆರರಿಂದ ಎಂಟು ವಾರ ಬೇಕು. ಜುಲೈ ಕೊನೆಗೆ ರಗ್ಬಿ, ಆಗಸ್ಟ್ ಮೊದಲ ವಾರ ಫುಟ್‌ಬಾಲ್ ಅಂದರೆ ಈ ಕೆಲಸಕ್ಕೆ ಸಮಯವೆಲ್ಲಿ? ಅಂಗಳ ಆಡಲು ಅಪಾಯಕಾರಿ ಎಂದಾಗಿ ಕೊವೆಂಟ್ರಿಯ ಮೊದಲ ತವರು ಪಂದ್ಯಗಳು ಒಂದರ ಹಿಂದೊಂದು ಮುಂದೂಡಲ್ಪಟ್ಟವು. ಬಾಡಿಗೆದಾರ ಸಹಿ ಮಾಡಿದ ಕಾಗದದಲ್ಲಿ ಅಂಗಳದ ಗುಣಮಟ್ಟಕ್ಕೆ, ವಿಶ್ರಾಂತಿಯ ವಾರಗಳಿಗೆ ಗಟ್ಟಿ ಷರತ್ತು ಇಲ್ಲದಿದ್ದರೆ ಜುಟ್ಟು ಮಾಲೀಕನ ಕೈಯಲ್ಲೇ. ಅದೇ ವರ್ಷ ಡಿಸೆಂಬರಿನಲ್ಲಿ, ಫ್ರೇಸರ್ಸ್ ಬಂದ ಕೆಲವೇ ವಾರಗಳಲ್ಲಿ, ಹೊಸ ಒಪ್ಪಂದಕ್ಕೆ ಸಹಿ ಹಾಕದಿದ್ದರೆ ಜಾಗ ಖಾಲಿ ಮಾಡಿ ಎಂಬ ನೋಟಿಸೂ ಕ್ಲಬ್ಬಿಗೆ ಬಂದಿತ್ತು.

ಕಟ್ಟಡ ಪರೀಕ್ಷೆಯ ವಿಷಯ ಹೇಳದೆ ಹೋದರೆ ತಪ್ಪಾದೀತು. ಆಸನ 32,000 ಇದೆ ಅಂತ 32,000 ಟಿಕೆಟ್ ಮಾರುವಂತಿಲ್ಲ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ಕೊಡುವ ಸುರಕ್ಷತಾ ಪ್ರಮಾಣಪತ್ರವೇ ಮಿತಿ ಹೇಳುತ್ತದೆ. ಕಟ್ಟಡದ ಸ್ಥಿತಿಗೆ ಒಂದು, ಸುರಕ್ಷತಾ ನಿರ್ವಹಣೆಗೆ ಒಂದು ಅಂತ ಸೊನ್ನೆಯಿಂದ ಒಂದರವರೆಗೆ ಎರಡು ಅಂಕ ಕೊಟ್ಟು, ಕಡಿಮೆ ಇರುವ ಅಂಕದಿಂದ ಆಸನಗಳ ಸಂಖ್ಯೆಯನ್ನು ಗುಣಿಸುತ್ತಾರೆ. ಮೆಟ್ಟಿಲು ಬಿರುಕು ಬಿಟ್ಟು, ಕಂಬಿ ಅಲುಗಾಡಿ ಅಂಕ 0.9ಕ್ಕೆ ಇಳಿದರೆ 3,200 ಆಸನ ಖಾಲಿ ಬಿಡಬೇಕು. ಜನ ಸಾಮಾನ್ಯ ಸ್ಥಿತಿಯಲ್ಲಿ ಎಂಟು ನಿಮಿಷದೊಳಗೆ ಹೊರಬರಬೇಕು ಎಂಬ ಲೆಕ್ಕ ಬೇರೆ. ಮಾರುವವನು ಬಣ್ಣ ಹೊಡೆಸಿ ತೋರಿಸುತ್ತಾನೆ. ನೀವು ನೋಡಬೇಕಾದ್ದು ಮೇಲಂತಸ್ತಿನ ಆಸನಗಳ ಕೆಳಭಾಗ, ಕಾಂಕ್ರೀಟ್ ಹಲಗೆಗಳ ಸಂದಿನ ಸೀಲು. ಅಲ್ಲಿ ನೀರು ಇಳಿದ ಕಂದು ಗೆರೆ ಕಂಡರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿರಬಹುದು, ಆ ದುರಸ್ತಿಯನ್ನು ಬೆಲೆಯಿಂದ ಕಳೆಯಲೇಬೇಕು.

ಇನ್ನು ಕ್ರಯಪತ್ರದಲ್ಲಿ ಯಾರ ಹೆಸರು? ಡರ್ಬಿ ಕೌಂಟಿ ಕ್ಲಬ್ 2018ರಲ್ಲಿ ತನ್ನ ಪ್ರೈಡ್ ಪಾರ್ಕನ್ನು ಸುಮಾರು 8 ಕೋಟಿ ಪೌಂಡಿಗೆ ಸ್ವಂತ ಮಾಲೀಕನ ಇನ್ನೊಂದು ಕಂಪನಿಗೇ ಮಾರಿ ಆ ವರ್ಷದ ಲೆಕ್ಕದಲ್ಲಿ ಲಾಭ ತೋರಿಸಿತು. 2021ರಲ್ಲಿ ಕ್ಲಬ್ ದಿವಾಳಿ ಆಡಳಿತಕ್ಕೆ ಹೋದಾಗ ಕೊಳ್ಳಲು ಬಂದವರು ಕ್ಲಬ್ಬಿಗೆ ಒಂದು, ಸ್ಟೇಡಿಯಮ್ಮಿಗೆ ಒಂದು ಅಂತ ಎರಡು ವ್ಯವಹಾರ ಕುದುರಿಸಬೇಕಾಯಿತು. ತಂಡಕ್ಕೆ ಒಟ್ಟು 21 ಅಂಕ ಕಡಿತವಾಗಿ ಕೆಳಗಿನ ಲೀಗಿಗೆ ಬಿತ್ತು. ಶೆಫೀಲ್ಡ್ ವೆನ್ಸ್‌ಡೇ ಕೂಡ ಹಿಲ್ಸ್‌ಬರೊ ಅಂಗಳವನ್ನು ಹೀಗೇ ಮಾಲೀಕನ ಕಂಪನಿಗೆ ದಾಟಿಸಿತ್ತು. 2025ರ ಅಕ್ಟೋಬರಿನಲ್ಲಿ ಅದೂ ದಿವಾಳಿ ಆಡಳಿತಕ್ಕೆ ಹೋಯಿತು. ಮಾಲೀಕ "ನಾವು ಸ್ಟೇಡಿಯಂ ಕೊಂಡೆವು" ಎಂದಾಗ ಆ "ನಾವು" ಯಾವ ಕಂಪನಿ ಅಂತ ಅಭಿಮಾನಿಗಳು ನೋಂದಣಿ ದಾಖಲೆ ತೆಗೆಸಿ ನೋಡಲೇಬೇಕು.

ಇದಕ್ಕೆ ಬೀಗವೂ ಇದೆ. ಲಂಡನ್ನಿನ ಚೆಲ್ಸಿ ಕ್ಲಬ್ಬಿನ ಅಂಗಳದ ನೆಲ 1997ರಿಂದ ಅಭಿಮಾನಿ ಷೇರುದಾರರ ಕಂಪನಿಯ ಕೈಯಲ್ಲಿದೆ. 2011ರಲ್ಲಿ ಕ್ಲಬ್ ವಾಪಸು ಕೇಳಿದಾಗ, ಬೇಕಿದ್ದ ಶೇ 75 ಮತ ಸಿಗಲಿಲ್ಲ, ನೆಲ ಉಳಿಯಿತು. ಇಂಗ್ಲೆಂಡ್ 2025ರಲ್ಲಿ ತಂದ ಫುಟ್‌ಬಾಲ್ ಆಡಳಿತ ಕಾಯ್ದೆಯಲ್ಲೂ ತವರು ಅಂಗಳ ಮಾರುವ ಮುನ್ನ ಸ್ವತಂತ್ರ ನಿಯಂತ್ರಕರ ಒಪ್ಪಿಗೆ ಬೇಕು. ನನ್ನ ದೃಷ್ಟಿಯಲ್ಲಿ ಆ ಕಾಯ್ದೆಯ ಅತಿ ಮುಖ್ಯ ಅಂಶ ಅದೇ.

ಕೊಳ್ಳಲೇಬಾರದ ಸಂದರ್ಭವೂ ಇದೆ. ವೆಸ್ಟ್ ಹ್ಯಾಮ್ ಕ್ಲಬ್ 2016ರಲ್ಲಿ ಲಂಡನ್ ಸ್ಟೇಡಿಯಮ್ಮಿಗೆ 99 ವರ್ಷದ ಒಪ್ಪಂದದಲ್ಲಿ, ವರ್ಷಕ್ಕೆ 25 ಲಕ್ಷ ಪೌಂಡಿನಿಂದ ಶುರುವಾಗುವ ಬಾಡಿಗೆಗೆ ಹೋಯಿತು. ಒಲಿಂಪಿಕ್ ಅಂಗಳವನ್ನು ಫುಟ್‌ಬಾಲಿಗೆ ಒಗ್ಗಿಸಲು 32.3 ಕೋಟಿ ಪೌಂಡ್ ತಗುಲಿತು, ಬಹುಪಾಲು ಸಾರ್ವಜನಿಕರ ದುಡ್ಡು. ಆಸನಗಳನ್ನು ಹಿಂದೆ-ಮುಂದೆ ಸರಿಸುವ ಖರ್ಚೂ ಜಾಗದ ಒಡೆಯರದೇ. ಇಂಥ ಬಾಡಿಗೆ ಬಿಟ್ಟು ಕಟ್ಟಡ ಕೊಂಡರೆ ಕ್ಲಬ್ ನಷ್ಟವನ್ನು ಕೈಯಾರೆ ಮನೆಗೆ ತಂದಂತೆ. ತೆರಿಗೆದಾರರಿಗೆ ಇದು ಅನ್ಯಾಯ ಅನ್ನುವುದು ಬೇರೆ ಮಾತು, ಅದನ್ನೂ ನಾನು ಒಪ್ಪುತ್ತೇನೆ.

ಎರಡರ ನಡುವಿನ ದಾರಿ ತೋರಿಸಿದ್ದು ಇಟಲಿಯ ಯುವೆಂಟಸ್ ಕ್ಲಬ್. ನೆಲ ತೂರಿನ್ ನಗರದ್ದು, ಅದರ ಮೇಲೆ ಕಟ್ಟುವ ಹಕ್ಕು 99 ವರ್ಷ ಕ್ಲಬ್ಬಿನದು. ಹಳೆಯ ಅಂಗಳ ಕೆಡವಿ 41,500 ಆಸನದ ಸ್ವಂತ ಸ್ಟೇಡಿಯಮ್ಮನ್ನು 2011ರಲ್ಲಿ ತೆರೆದರು. ಓಟದ ಟ್ರ್ಯಾಕ್ ಹೋಯಿತು, ಪ್ರೇಕ್ಷಕ ಅಂಗಳದ ಅಂಚಿಗೆ ಬಂದ.

ಬೆಂಗಳೂರಿನಲ್ಲಿ ಮಾತ್ರ ಈ ದಾರಿ ಬೇಡ. ಬೆಂಗಳೂರು ಎಫ್‌ಸಿ ಆಡುವ ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ್ದು, ಅಲ್ಲಿನ ಸಿಂಥೆಟಿಕ್ ಟ್ರ್ಯಾಕ್ ರಾಜ್ಯದ ಓಟಗಾರರಿಗೆ ಬೇಕೇ ಬೇಕು. ಬಳಕೆಯ ಜಗಳ ಕೋರ್ಟಿನವರೆಗೂ ಹೋಗಿತ್ತು. ಅದನ್ನು ಯಾವ ಕ್ಲಬ್ಬಿಗೂ ಮಾರಬಾರದು. ಕ್ಲಬ್ ಕೇಳಬೇಕಾದ್ದು ವರ್ಷದಿಂದ ವರ್ಷಕ್ಕೆ ನವೀಕರಿಸುವ ಅನುಮತಿಯನ್ನಲ್ಲ, ಕನಿಷ್ಠ ಹತ್ತು ವರ್ಷದ ಒಪ್ಪಂದವನ್ನು. ಅದರಲ್ಲಿ ಬೆಳಗ್ಗೆ-ಸಂಜೆ ಟ್ರ್ಯಾಕ್ ಯಾವ ಹೊತ್ತಿಗೆ ಓಟಗಾರರದು, ಪಂದ್ಯಕ್ಕೆ ಎಷ್ಟು ದಿನ ಮುಂಚೆ ಅಂಗಳ ಕ್ಲಬ್ಬಿನದು, ಜಾಹೀರಾತು ಫಲಕ ಟ್ರ್ಯಾಕಿನ ಮೇಲೆ ಇಟ್ಟರೆ ಹಾಸು ಹಾಕುವವರು ಯಾರು, ಹಾನಿಯಾದರೆ ಎಷ್ಟು ದಿನದಲ್ಲಿ ಯಾರ ಖರ್ಚಿನಲ್ಲಿ ಸರಿಪಡಿಸಬೇಕು, ಹುಲ್ಲಿಗೆ ಎಂಟು ವಾರ ವಿಶ್ರಾಂತಿ ಯಾವ ತಿಂಗಳು, ಇಷ್ಟನ್ನೂ ಬರೆದು ಕ್ರೀಡಾ ಇಲಾಖೆ, ಅಥ್ಲೆಟಿಕ್ಸ್ ಸಂಸ್ಥೆ, ಕ್ಲಬ್ ಮೂವರೂ ಸಹಿ ಹಾಕಬೇಕು.