ಬೈರಾಸು ಒಣಗಿದೆಯೇ?

ಮಳೆಗಾಲದ ನಡುವೆ ಬರುವ ಆಟಿ ತಿಂಗಳಲ್ಲಿ ಉಡುಪಿಯ ನಮ್ಮ ಮನೆಯೊಳಗೆ ದಿನಕ್ಕೆ ನಾಲ್ಕು ಸಲವಾದರೂ ಕೇಳಿಬರುವ ಮಾತೆಂದರೆ ‘ಆ ಬೈರಾಸು ಒಣಗಿದೆಯಾ ಅಂತ ಸ್ವಲ್ಪ ನೋಡಿ ಮಾರಾಯ್ರೆ’ ಎಂಬುದು. (ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ: ನೀವು ಟವೆಲ್ ಎನ್ನುವುದನ್ನು ನಾವು ಬೈರಾಸು ಎನ್ನುತ್ತೇವೆ.) ಹೆಂಡತಿಯ ಈ ಅಪ್ಪಣೆಯನ್ನು ಶಿರಸಾವಹಿಸಿ ನಾನು ಹಿಂದಿನ ಜಗಲಿಗೆ ಹೋಗುತ್ತೇನೆ, ಮಾಡಿನ ಕೆಳಗೆ ಅಡ್ಡಲಾಗಿ ಕಟ್ಟಿದ ಹಗ್ಗದಲ್ಲಿ ಮೂರು ದಿನಗಳಿಂದ ನೇತಾಡುತ್ತಿರುವ ಬೈರಾಸಿನ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಅಂಗಡಿಯಲ್ಲಿ ಅಕ್ಕಿಯ ಗುಣ ನೋಡುವವರ ಗಾಂಭೀರ್ಯದಿಂದ ಉಜ್ಜುತ್ತೇನೆ, ಸ್ವಲ್ಪ ಹೊತ್ತು ಯೋಚಿಸಿ, ‘ಒಣಗಿದ ಹಾಗೆ ಉಂಟು’ ಎನ್ನುತ್ತೇನೆ. ಈ ‘ಹಾಗೆ’ಯಲ್ಲಿರುವ ಅಳುಕನ್ನು ಬಹುಕಾಲ ನಾನು ನನ್ನ ಸ್ವಭಾವದ ದೋಷವೆಂದೇ ತಿಳಿದಿದ್ದೆ. ಅದು ನನ್ನ ಚರ್ಮದ ದೋಷವೆಂದೂ, ನನ್ನೊಬ್ಬನದಲ್ಲ, ಮನುಷ್ಯರೆಲ್ಲರ ಚರ್ಮದ ದೋಷವೆಂದೂ ಗೊತ್ತಾದದ್ದು ಈಚೆಗೆ.

ಮನುಷ್ಯನ ಚರ್ಮಕ್ಕೆ ಒದ್ದೆಯನ್ನು ಅರಿಯುವ ಅಂಗವೇ ಇಲ್ಲ. ಒತ್ತುವುದನ್ನು, ನಡುಗುವುದನ್ನು, ತಂಪನ್ನು, ಬಿಸಿಯನ್ನು, ಇರಿತವನ್ನು ಅರಿಯಲು ಅದರೊಳಗೆ ಬೇರೆ ಬೇರೆ ನರತುದಿಗಳಿವೆ; ತೇವಕ್ಕೆ ಮಾತ್ರ ಒಂದೂ ಇಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಅದರ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಮುಗಿಸಿಬಿಡುವ, ಉಪ್ಪು ಭರಣಿಯೊಳಗೇ ಕರಗಿ ಚಪ್ಪಲಿಗೆ ಬೂಷ್ಟು ಹಿಡಿಯುವ ಈ ಊರಿನಲ್ಲಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನಾವುದಿದ್ದೀತು! ನಮ್ಮ ಬಚ್ಚಲಿನ ಮೂಲೆಯಲ್ಲಿ ಮೀಸೆ ಕುಣಿಸುತ್ತ ಕುಳಿತ ಜಿರಲೆಗೆ ಈ ಭಾಗ್ಯ ಉಂಟು. ಅದರ ಮೀಸೆಯಲ್ಲಿ ಗಾಳಿಯ ತೇವ ಏರಿದರೆ ಮಿಡಿಯುವ ಕೋಶಗಳೂ ಇಳಿದರೆ ಮಿಡಿಯುವ ಕೋಶಗಳೂ ಪ್ರತ್ಯೇಕವಾಗಿಯೇ ಇವೆ. ಬೈರಾಸು ಒಣಗಿದೆಯೇ ಎಂದು ನೋಡಲು ನಿಜವಾಗಿ ಕಳುಹಿಸಬೇಕಾದದ್ದು ಅದನ್ನು.

ಈ ನರತುದಿಗಳಿಗೆ ಕನ್ನಡದ ವಿಜ್ಞಾನ ಪುಸ್ತಕಗಳು ‘ಗ್ರಾಹಕ’ ಎಂಬ ಹೆಸರು ಕೊಟ್ಟಿವೆ. ಅಂಗಡಿಗೆ ಬರುವವರಿಗೂ ಅದೇ ಹೆಸರಿರುವುದರಿಂದ ಮೊದಲು ಓದಿದಾಗ ನನಗೆ ನಗು ಬಂದಿತ್ತು. ಆಮೇಲೆ ನೋಡಿದರೆ ಹೋಲಿಕೆ ಅಷ್ಟೇನೂ ತಪ್ಪಲ್ಲ ಎನ್ನಿಸಿತು. ಪ್ರತಿಯೊಂದೂ ತನಗೆ ಬೇಕಾದ ಒಂದೇ ಸರಕನ್ನು ಕೇಳುವ, ಉಳಿದುದರ ಕಡೆಗೆ ಕಣ್ಣೆತ್ತಿಯೂ ನೋಡದ ಹಠಮಾರಿ ಗಿರಾಕಿ. ಬಿಡಿಸಿ ಹರಡಿದರೆ ಒಂದೂವರೆ ಬೈರಾಸಿನಷ್ಟಾಗುವ ನಮ್ಮ ಚರ್ಮದಲ್ಲಿ ಇವು ಒಂದೇ ಸಮನಾಗಿ ಹಂಚಿಕೊಂಡಿಲ್ಲ. ಜರ್ಮನಿಯ ಅರ್ನ್‌ಸ್ಟ್ ಹೈನ್ರಿಕ್ ವೇಬರ್ 1834ರಲ್ಲಿ ಕೈವಾರದ ಎರಡು ಮೊನೆಗಳನ್ನು ಜನರ ಮೈಮೇಲೆ ಊರಿ ಇದನ್ನು ಅಳೆದ. ಬೆರಳ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ಅಂತರವಿದ್ದರೂ ಮೊನೆ ಎರಡೆಂದು ಗೊತ್ತಾಗುತ್ತದೆ. ಬೆನ್ನಿನ ಮೇಲೆ ಸುಮಾರು ನಾಲ್ಕು ಸೆಂಟಿಮೀಟರ್ ದೂರವಿಟ್ಟರೂ ಒಂದೇ ಎನ್ನಿಸುತ್ತದೆ. ‘ಬೆನ್ನು ತುರಿಸು’ ಎಂದು ಮೊಮ್ಮಗನನ್ನು ಕರೆದು, ‘ಅಲ್ಲಿ ಅಲ್ಲ, ಇನ್ನೂ ಕೆಳಗೆ, ಬಲಕ್ಕೆ’ ಎಂದು ದಾರಿ ತೋರುವ ಅಜ್ಜನಿಗೆ ಜಾಗ ಸರಿಯಾಗಿ ಗೊತ್ತಿಲ್ಲದಿರುವುದು ಇದರಿಂದಲೇ ಇರಬೇಕು. ಶಂಕರಪುರದ ಮಲ್ಲಿಗೆ ಕಟ್ಟುವ ಹೆಂಗಸರು ಪಕ್ಕದವರೊಡನೆ ಮಾತಾಡುತ್ತ, ಮೊಗ್ಗಿನ ಕಡೆಗೆ ನೋಡದೆ, ಬಾಳೆನಾರಿನ ಕುಣಿಕೆ ಬಿಗಿಯುವುದು ಬೆರಳ ತುದಿಯ ದಟ್ಟಣೆಯ ಬಲದಿಂದ. ಅಲ್ಲಿ ಒತ್ತಿದಷ್ಟು ಹೊತ್ತೂ ವರದಿ ಕೊಡುವ ಮರ್ಕೆಲ್ ಕೋಶಗಳಿವೆ. ಹಿಡಿದದ್ದು ಚೂರು ಜಾರಿದೊಡನೆ ಎಚ್ಚರಿಸುವ ಮೈಸ್ನರ್ ಕಣಗಳಿವೆ. ಇನ್ನೂ ಆಳದಲ್ಲಿ ಈರುಳ್ಳಿಯಂತೆ ಪದರ ಪದರವಾಗಿರುವ, ಒಂದು ಮಿಲಿಮೀಟರ್‌ನಷ್ಟು ಉದ್ದದ ಪಾಚೀನಿ ಕಣಗಳಿವೆ. ಈ ಕೊನೆಯವು ಬರಿಗಣ್ಣಿಗೇ ಕಾಣುವಂಥವು. 1831ರಲ್ಲಿ ಇನ್ನೂ ವೈದ್ಯವಿದ್ಯಾರ್ಥಿಯಾಗಿದ್ದ ಇಟಲಿಯ ಫಿಲಿಪ್ಪೊ ಪಾಚೀನಿ ಒಂದು ಕೈಯನ್ನು ಛೇದಿಸುವಾಗ ಇವನ್ನು ಕಂಡ. ಕಿಸೆಯಲ್ಲಿ ಮೊಬೈಲ್ ಗುಂಯ್‌ಗುಟ್ಟಿದ್ದು ನಮಗೆ ತಿಳಿಯುವುದು ಇಂಥ ಕಣಗಳಿಂದ.

ಹಾಗಾದರೆ ಒದ್ದೆ ಎಂಬ ಅನುಭವ ಎಲ್ಲಿಂದ ಬಂತು? ಅದು ಮಿದುಳು ಮಾಡುವ ಅಡುಗೆ. ತಂಪಿನ ಗ್ರಾಹಕ ಒಂದಷ್ಟು ಸಾಮಾನು ತರುತ್ತದೆ, ಸ್ಪರ್ಶದ ಗ್ರಾಹಕ ಇನ್ನಷ್ಟು ತರುತ್ತದೆ, ಎರಡನ್ನೂ ಸೇರಿಸಿ ಮಿದುಳು ‘ಒದ್ದೆ’ ಎಂಬ ಪದಾರ್ಥವನ್ನು ಬಡಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬೆಂಟ್ಲಿ 1900ರಲ್ಲಿ ಬೆರಳಿಗೆ ತೆಳು ರಬ್ಬರಿನ ಕವಚ ತೊಡಿಸಿ ನೀರಿನಲ್ಲಿ ಅದ್ದಿಸಿದಾಗ, ಒಂದು ಹನಿಯೂ ತಾಗದ ಬೆರಳು ಒದ್ದೆಯಾದಂತೆ ಜನರಿಗೆ ಅನ್ನಿಸಿತು. ರಬ್ಬರ್ ಕೈಗವಸು ಹಾಕಿಕೊಂಡು ತಣ್ಣೀರಿನಲ್ಲಿ ಪಾತ್ರೆ ತೊಳೆದವರು, ಗವಸು ತೂತಾಗಿದೆಯೆಂದು ಬಿಚ್ಚಿ ನೋಡಿ, ಒಣಗಿದ ಕೈಯನ್ನು ಕಂಡು ಬೆಪ್ಪಾಗಿರುತ್ತಾರೆ. 2014ರಲ್ಲಿ ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು: ತೇವ ಅಷ್ಟೇ ಇದ್ದರೂ ತಣ್ಣಗಿರುವ ವಸ್ತು ಹೆಚ್ಚು ಒದ್ದೆಯೆನ್ನಿಸುತ್ತದೆ, ಬೆಚ್ಚಗಿರುವುದು ಕಡಿಮೆ ಒದ್ದೆಯೆನ್ನಿಸುತ್ತದೆ.

ಜಗಲಿಯಲ್ಲಿ ನನಗಾಗುತ್ತಿದ್ದ ಗೊಂದಲದ ಮೂಲ ಇಲ್ಲಿದೆ. ಬೆರಳ ಚರ್ಮ ಸಾಮಾನ್ಯವಾಗಿ ಆಟಿಯ ಗಾಳಿಗಿಂತ ಬೆಚ್ಚಗಿರುತ್ತದೆ. ಆದ್ದರಿಂದ ಪೂರ್ತಿ ಒಣಗಿದ ಬೈರಾಸೂ ಮುಟ್ಟಿದೊಡನೆ ತಣ್ಣಗೆ ತಾಗುತ್ತದೆ. ತಣ್ಣಗಿದ್ದುದನ್ನು ಮಿದುಳು ಒದ್ದೆಯೆಂದು ಓದುತ್ತದೆ. ಅದಿರಲಿ, ತಂಪಿನ ಗ್ರಾಹಕವಾದರೂ ವಸ್ತುವಿನ ಉಷ್ಣತೆಯನ್ನು ಅಳೆಯುತ್ತದೆಯೇ ಎಂದರೆ ಅದೂ ಇಲ್ಲ. ನಮ್ಮ ಚರ್ಮ ತಾನೇ ಎಷ್ಟು ತಣ್ಣಗಿದೆ, ಎಷ್ಟು ಬೇಗ ತಣಿಯುತ್ತಿದೆ ಎಂಬುದನ್ನಷ್ಟೇ ಅದು ಹೇಳಬಲ್ಲದು. ಚಾವಡಿಯ ಕೆಂಪು ಸಿಮೆಂಟಿನ ನೆಲವೂ ಅದರ ಮೇಲಿರುವ ಹಲಸಿನ ಮಂಚವೂ ಒಂದೇ ಉಷ್ಣತೆಯಲ್ಲಿದ್ದರೂ, ನೆಲ ಶಾಖವನ್ನು ಬೇಗ ಹೀರುವುದರಿಂದ ನಾವು ‘ನೆಲ ತಂಪು’ ಎಂದು ಮಕ್ಕಳನ್ನು ಮಂಚಕ್ಕೆ ಹತ್ತಿಸುತ್ತೇವೆ.

ಬಿಸಿಯ ಕಥೆ ಕಲಿತದ್ದೂ ಇದೇ ಬೈರಾಸಿನಿಂದ. ಒಂದು ಮಧ್ಯಾಹ್ನ ಗಂಜಿ ಊಟಕ್ಕೆಂದು ಜೀರಿಗೆ ಮೆಣಸನ್ನು (ಜೀರಿಗೆಯಲ್ಲ, ಪುಟ್ಟ ಖಾರದ ಮೆಣಸಿನಕಾಯಿ) ಜಜ್ಜಿ, ಕೈಯನ್ನು ನೀರಿನಲ್ಲಿ ತೊಳೆದೆನೆಂಬ ಶಾಸ್ತ್ರ ಮಾಡಿ, ಬೈರಾಸಿಗೆ ಒರೆಸಿಕೊಂಡಿದ್ದೆ. ಸಂಜೆ ಸ್ನಾನ ಮುಗಿಸಿ ಅದರಿಂದಲೇ ಮುಖ ಒರೆಸಿಕೊಂಡಾಗ, ಹಂಡೆಯ ಒಲೆಯನ್ನೇ ಯಾರೋ ಮುಖಕ್ಕೆ ಹಿಡಿದಂತಾಯಿತು. ಮೆಣಸಿನ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗದ ಜಿಡ್ಡುಸ್ವಭಾವದ್ದು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ತೆರೆದುಕೊಳ್ಳುವ, ನರತುದಿಯಲ್ಲಿರುವ ಟಿಆರ್‌ಪಿವಿ1 ಎಂಬ ಪ್ರೋಟೀನು ಬಾಗಿಲನ್ನು ಅದು ತಣ್ಣಗಿದ್ದೂ ತೆರೆದುಬಿಡುತ್ತದೆ, ಕಳ್ಳಕೀಲಿಯಿದ್ದಂತೆ. ಹಾಗಾಗಿ ಖಾರ ‘ಉರಿಯುತ್ತದೆ’ ಎನ್ನುವಾಗ ನಮ್ಮ ಭಾಷೆ ಉಪಮೆ ಹೇಳುತ್ತಿಲ್ಲ, ನರಗಳ ವರದಿಯನ್ನು ಇದ್ದದ್ದು ಇದ್ದಂತೆ ಒಪ್ಪಿಸುತ್ತಿದೆ. ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಈ ಬಾಗಿಲನ್ನು ಗುರುತಿಸಿದ್ದು 1997ರಲ್ಲಿ. 2010ರಲ್ಲಿ ಒತ್ತಡಕ್ಕೆ ತೆರೆಯುವ ಪೀಜೋ ಎಂಬ ಬಾಗಿಲುಗಳನ್ನು ಕಂಡುಹಿಡಿದ ತಂಡದ ಆರ್ಡೆಮ್ ಪಟಪೌಟಿಯನ್ ಅವರೊಡನೆ ಜೂಲಿಯಸ್ 2021ರ ವೈದ್ಯಶಾಸ್ತ್ರದ ನೊಬೆಲ್ ಹಂಚಿಕೊಂಡರು. ಹಕ್ಕಿಗಳ ಬಾಗಿಲಿಗೆ ಮೆಣಸಿನ ಕೀಲಿ ಹೊಂದುವುದಿಲ್ಲ. ನಮ್ಮ ಹಿತ್ತಿಲಿನಲ್ಲಿ ಯಾರೂ ನೆಡದ ಜೀರಿಗೆ ಮೆಣಸಿನ ಗಿಡಗಳು ಏಳುವುದು, ಪಿಕಳಾರಗಳು ಆ ಹಣ್ಣನ್ನು ನಿರುಮ್ಮಳವಾಗಿ ನುಂಗಿ ಬೀಜ ಉದುರಿಸಿ ಹೋಗುವುದರಿಂದ. ಉರಿಯುತ್ತಿದ್ದ ಮುಖಕ್ಕೆ ಹಚ್ಚಲೆಂದು ಮಗಳು ತಂದ ತಲೆನೋವಿನ ಮುಲಾಮನ್ನು ಪುಣ್ಯಕ್ಕೆ ಹೆಂಡತಿ ತಡೆದಳು. ಅದರ ಮೆಂಥಾಲು ತಂಪಿನ ಬಾಗಿಲನ್ನೂ ಇದೇ ಬಗೆಯಲ್ಲಿ ಕಳ್ಳತನದಿಂದ ತೆರೆಯುತ್ತಿತ್ತು, ಕಣ್ಣಿನ ಗತಿ ಬೇರೆ.

ನೋವಿನ ಬಗ್ಗೆ ಹೆಚ್ಚು ಹೇಳಲಾರೆ. ಅದರ ಪಾಠ ಚಿಕ್ಕದಾಗಿ ಮುಗಿಯಿತು. ಹಠಾತ್ತನೆ ಮಳೆ ಬಂದಾಗ ಅಂಗಳದಲ್ಲಿದ್ದ ಬಟ್ಟೆ ತರಲು ಓಡಿ, ಹೊಸ್ತಿಲಿಗೆ ಕಿರುಬೆರಳನ್ನು ಬಡಿದುಕೊಂಡೆ. ಮೊದಲು ಚುರುಕ್ಕೆಂದು ಒಂದು ಮಿಂಚು. ಅದು ಸೆಕೆಂಡಿಗೆ 5ರಿಂದ 30 ಮೀಟರ್ ಓಡುವ ತಂತುಗಳ ಸುದ್ದಿ. ‘ಇಷ್ಟೇಯೋ’ ಎಂದುಕೊಳ್ಳುವಷ್ಟರಲ್ಲಿ, ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿ ತೆವಳುವ ತಂತುಗಳು ಎರಡನೆಯ ನೋವನ್ನು ಹೊತ್ತು ತಂದವು. ಆ ಮೊದ್ದು ನೋವಿಗೆ ಕೂರಲೇಬೇಕಾಯಿತು. ಕೈ ತಾನಾಗಿ ಬೆರಳನ್ನು ಉಜ್ಜತೊಡಗಿತು. ಉಜ್ಜುವಾಗ ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ಅಡ್ಡಗಟ್ಟುತ್ತದೆಂಬ ವಿವರಣೆಯನ್ನು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಕೊಟ್ಟರು. ನಮ್ಮ ಅಜ್ಜಿಯಂದಿರು ವಿವರಣೆಗೆ ಕಾಯದೆ ಉಜ್ಜಿಕೊಂಡೇ ಬಂದಿದ್ದರು. ಬಟ್ಟೆಯಂತೂ ಅಷ್ಟರಲ್ಲಿ ನೆನೆದಿತ್ತು, ಅದಕ್ಕೆ ಗ್ರಾಹಕದ ಸಾಕ್ಷಿ ಬೇಕಿರಲಿಲ್ಲ.

ಇದನ್ನೆಲ್ಲ ಒಂದು ಸಂಜೆ, ಜಗಲಿಯಲ್ಲಿ ನಿಂತು, ಬೈರಾಸಿನ ತುದಿಯನ್ನು ಕೈಯಲ್ಲಿ ಹಿಡಿದೇ ಹೆಂಡತಿಗೆ ವಿವರಿಸಿದೆ. ಒಣಗಿದೆಯೋ ಇಲ್ಲವೋ ಎಂದು ನಿರ್ಧರಿಸಲು ನಿಸರ್ಗವೇ ನನಗೆ ಸಾಧನ ಕೊಟ್ಟಿಲ್ಲವೆಂದು, ಹಾಗಾಗಿ ಇನ್ನು ಮುಂದೆ ಈ ಕೆಲಸದಿಂದ ನನ್ನನ್ನು ಮುಕ್ತಗೊಳಿಸಬೇಕೆಂದು ವಿನಂತಿಸಿಕೊಂಡೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬೈರಾಸನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದು, ‘ಮುಗ್ಗಲು ವಾಸನೆ, ಒಣಗಲಿಲ್ಲ’ ಎಂದು ಒಂದೇ ಮಾತಿನಲ್ಲಿ ತೀರ್ಪಿತ್ತು, ಬಚ್ಚಲಿಗೆ ಹೋಗಿ ಕಾಯುತ್ತಿದ್ದ ಹಂಡೆಯ ಮುಚ್ಚಳದ ಮೇಲೆ ಹರಡಿದಳು. ಹತ್ತು ನಿಮಿಷ ಬಿಟ್ಟು ‘ಈಗ ನೋಡಿ’ ಎಂದಳು. ಮುಟ್ಟಿದೆ, ಹಿತವಾಗಿ ಬೆಚ್ಚಗಿತ್ತು. ‘ಹಾಗೆ’ ಎಂಬುದನ್ನು ಸೇರಿಸದೆ, ‘ಒಣಗಿದೆ’ ಎಂದು ಗಟ್ಟಿಯಾಗಿಯೇ ಹೇಳಿದೆ. ಅದರ ಒಂದು ಮೂಲೆಯಿಂದ ಇನ್ನೂ ಹಬೆ ಏಳುತ್ತಿತ್ತು.