ಕಾಫಿ ರೈತನಿಗೆ ಮುಂಗಡ ಕೊಡುವವರು ಯಾರು?

ರೈತರ ಸಂಘಕ್ಕೆ ನಿಗದಿ ಮಾಡಿದ ಕನಿಷ್ಠ ಬೆಲೆಯಾದರೂ ಕೊಟ್ಟು ಕೊಂಡದ್ದು ಅಂತ ಹೇಳುವ ಫೇರ್‌ಟ್ರೇಡ್ ಮುದ್ರೆ ಇರುವ ಕಾಫಿ ಪ್ಯಾಕೆಟ್‌ಗೆ ನಾಲ್ಕು ಕಾಸು ಜಾಸ್ತಿ ಕೊಟ್ಟವರಿಗೆ ಒಂದು ಸಮಾಧಾನ ಇರುತ್ತದೆ. ಆ ಜಾಸ್ತಿ ದುಡ್ಡು ಸೀದಾ ರೈತನ ಜೇಬಿಗೆ ಹೋಯಿತು ಅಂತ. ಮೊದಲು ಆ ಲೆಕ್ಕ ನೋಡಿಬಿಡೋಣ.

ಒಂದು ಕಪ್‌ಗೆ 15 ಗ್ರಾಂ ಹುರಿದ ಕಾಫಿ ಅಂತ ಇಟ್ಟುಕೊಳ್ಳಿ. ಹುರಿಯುವಾಗ ಬೀಜದ ತೂಕ ಶೇ. 15ರಿಂದ 20ರಷ್ಟು ಇಳಿಯುತ್ತದೆ. ಹಾಗಾಗಿ ಸುಮಾರು 18 ಗ್ರಾಂ ಹಸಿರು ಬೀಜ ಬೇಕು. ಈ ವ್ಯಾಪಾರದ ಲೆಕ್ಕವೆಲ್ಲ ಪೌಂಡ್‌ನಲ್ಲಿ ನಡೆಯುತ್ತದೆ. ಒಂದು ಪೌಂಡ್, ಅಂದರೆ 454 ಗ್ರಾಂ ಬೀಜದಲ್ಲಿ ಸುಮಾರು 25 ಕಪ್ ಕಾಫಿ ಆಗುತ್ತದೆ. ಬೆಲೆಯ ಮೇಲೆ ಸಂಘಕ್ಕೆ ಹೆಚ್ಚುವರಿಯಾಗಿ ಕೊಡುವ ಫೇರ್‌ಟ್ರೇಡ್ ಪ್ರೀಮಿಯಂ ಪೌಂಡಿಗೆ 20 ಸೆಂಟ್. ಕಪ್ಪಿಗೆ ಹಂಚಿದರೆ ಒಂದು ಸೆಂಟೂ ಇಲ್ಲ! ವಾಶ್ಡ್ ಅರೇಬಿಕಾಗೆ (ನೀರಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ಕಾಫಿಗೆ) 2023ರಲ್ಲಿ ಏರಿಸಿದ ಕನಿಷ್ಠ ಬೆಲೆ 1 ಡಾಲರ್ 80 ಸೆಂಟ್. ಪ್ರೀಮಿಯಂ ಸೇರಿಸಿದರೂ ಕಪ್ಪಿಗೆ 8 ಸೆಂಟ್ ಆಯಿತು. ಅದೂ ಬಂದರಿನಲ್ಲಿ ಹಡಗಿಗೆ ಏರಿಸುವಾಗಿನ ಬೆಲೆ. ಮಿಲ್ಲಿನ ಖರ್ಚು, ಲಾರಿ ಬಾಡಿಗೆ, ಸಹಕಾರ ಸಂಘದ ಖರ್ಚು, ಸಾಲದ ಬಡ್ಡಿ ಎಲ್ಲ ಕಳೆದು ಉಳಿದದ್ದು ರೈತನಿಗೆ.

ಇಷ್ಟು ನೋಡಿ "ಸುಮ್ನೆ ಎಲ್ಲ ನಾಟಕ" ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಈ ಪದ್ಧತಿಯ ಮಹತ್ವ ಗೊತ್ತಾಗುವುದು ಕೆಟ್ಟ ವರ್ಷಗಳಲ್ಲಿ.

ಕಾಫಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಸೇರಿ 1962ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಕೋಟಾ ಇತ್ತು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು. ಕೆಲವೇ ತಿಂಗಳಲ್ಲಿ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದಕ್ಕೆ ಸ್ವಲ್ಪ ಮೊದಲು, 1988ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ಮ್ಯಾಕ್ಸ್ ಹ್ಯಾವೆಲಾರ್ ಅನ್ನುವ ಮೊದಲ ಫೇರ್‌ಟ್ರೇಡ್ ಮುದ್ರೆ ಶುರುವಾಗಿತ್ತು. ಮೆಕ್ಸಿಕೋದ ವಹಾಕಾ ಬೆಟ್ಟಗಳ ಸಣ್ಣ ರೈತರ ಸಂಘದ ಕಾಫಿ, ಅಲ್ಲೇ ನೆಲೆಸಿದ್ದ ಫ್ರಾನ್ಸ್ ವಾನ್ ಡರ್ ಹಾಫ್ ಅನ್ನುವ ಪಾದ್ರಿಯ ಓಡಾಟ, ಇವೆರಡೂ ಅದರ ಹಿಂದೆ ಇದ್ದವು.

ಆಮೇಲೆ 2001 ಬಂತು. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬೆಳೆ ವಿಪರೀತ ಹೆಚ್ಚಾಗಿತ್ತು. ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ 50 ಸೆಂಟಿಗಿಂತಲೂ ಕೆಳಗೆ ಹೋಯಿತು. ಹಣ್ಣು ಕೀಳಿಸಿದ ಕೂಲಿಯೂ ಹುಟ್ಟದ ಬೆಲೆ ಅದು. ಮಧ್ಯ ಅಮೆರಿಕದಲ್ಲಿ ಎಷ್ಟೋ ಜನ ಹಣ್ಣನ್ನು ಗಿಡದಲ್ಲೇ ಬಿಟ್ಟು ಊರು ಬಿಟ್ಟರು. ಆಗ ಫೇರ್‌ಟ್ರೇಡ್ ಕೊಳ್ಳುವವರು ಕೊಡಬೇಕಾಗಿದ್ದದ್ದು 1 ಡಾಲರ್ 26 ಸೆಂಟ್. ಪೇಟೆಯ ಬೆಲೆಯ ಎರಡೂವರೆ ಪಟ್ಟು! ಇದನ್ನು ನಾಟಕ ಅನ್ನೋಕೆ ಆಗುತ್ತಾ?

2025ರ ಫೆಬ್ರವರಿಯಲ್ಲಿ ಅದೇ ಪೇಟೆಯಲ್ಲಿ ಬೆಲೆ 4 ಡಾಲರ್ ದಾಟಿತು. ಇಂಥ ಹೊತ್ತಿನಲ್ಲಿ 1.80ರ ಕನಿಷ್ಠ ಬೆಲೆಗೆ ಕೆಲಸವೇ ಇಲ್ಲ. ಬೆಲೆ ನಿಗದಿ ಮಾಡುವ ಹೊತ್ತಿಗೆ ಪೇಟೆ ಬೆಲೆ ಜಾಸ್ತಿ ಇದ್ದರೆ ಅದನ್ನೇ ಕೊಡಬೇಕು ಅನ್ನುವುದು ನಿಯಮ. ಹಾಗಂತ ಮುದ್ರೆಯೇ ಬೇಡ ಅನ್ನುವವರು ಗಿಡದ ಲೆಕ್ಕ ಮರೆಯುತ್ತಾರೆ. ಬೆಲೆ ಏರಿದ ಖುಷಿಯಲ್ಲಿ ಎಲ್ಲರೂ ಸಸಿ ನೆಡುತ್ತಾರೆ. ಅದು ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಬೇಕು. ಎಲ್ಲರ ಗಿಡವೂ ಒಟ್ಟಿಗೇ ಹಣ್ಣು ಬಿಟ್ಟಾಗ ಬೆಲೆ ಮತ್ತೆ ಬೀಳುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಪ್ಯಾಕೆಟ್ ಮೇಲೆ ಎಲ್ಲೂ ಕಾಣುವುದಿಲ್ಲ. ಅದು ಮುಂಗಡ.

ಕಾಫಿ ಕೊಯ್ಲು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹಣ್ಣಾದದ್ದನ್ನು ಮಾತ್ರ ಆರಿಸಿ ಕೀಳಬೇಕು, ಮತ್ತೆ ಮತ್ತೆ ಅದೇ ಗಿಡಕ್ಕೆ ಬರಬೇಕು. ಐದಾರು ಕಿಲೋ ಹಣ್ಣು ಕೊಯ್ದರೆ ಒಂದು ಕಿಲೋ ಹಸಿರು ಬೀಜ. ಕೂಲಿಯವರಿಗೆ ಆಗಾಗಲೇ ದುಡ್ಡು ಕೊಡಬೇಕು, ಕಂಪನಿಯ ಹಣ ಬರಲಿ ಅಂತ ಅವರು ತಿಂಗಳುಗಟ್ಟಲೆ ಕಾಯುವುದಿಲ್ಲ. ಪಲ್ಪಿಂಗ್ ಆಗಿ, ಅಂದರೆ ಹಣ್ಣಿನ ಸಿಪ್ಪೆ ಬಿಡಿಸಿ, ಒಣಗಿ, ಮಿಲ್ಲಿಗೆ ಹೋಗಿ, ಹಡಗು ಹತ್ತುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಸಂಘ ಹೇಳುತ್ತದೆ: ಈಗ ಒಂದಿಷ್ಟು ತಗೊಳ್ಳಿ, ಬಾಕಿ ಹಡಗು ಹೊರಟ ಮೇಲೆ. ಅಷ್ಟರಲ್ಲಿ ತೋಟದ ಬಾಗಿಲಿಗೆ ದಲ್ಲಾಳಿಯ ಗಾಡಿ ಬಂದು ನಿಲ್ಲುತ್ತದೆ. ಮಧ್ಯ ಅಮೆರಿಕದಲ್ಲಿ ಈ ದಲ್ಲಾಳಿಗಳನ್ನು ಕೊಯೋಟೆ ಅನ್ನುತ್ತಾರೆ. ಅವನ ಬೆಲೆ ಕಡಿಮೆ, ಆದರೆ ನೋಟು ಕೈಯಲ್ಲೇ ಇದೆ. ಮಗುವಿಗೆ ಜ್ವರ, ಮನೆಯಲ್ಲಿ ಸಾಲ. ನೀವಾದರೂ ಯಾರಿಗೆ ಮಾರುತ್ತಿದ್ದಿರಿ?

ಫೇರ್‌ಟ್ರೇಡ್ ನಿಯಮದ ಪ್ರಕಾರ ಸಂಘ ಕೇಳಿದರೆ ಕೊಳ್ಳುವವರು ಒಪ್ಪಂದದ ಮೊತ್ತದಲ್ಲಿ ಶೇ. 60ರವರೆಗೆ ಮುಂಗಡ ಒದಗಿಸಬೇಕು. ಕೊಯ್ಲಿಗೆ ಮೊದಲೇ ಆ ಹಣ ಬಂದರೆ ಸಂಘವೂ ನೋಟು ಹಿಡಿದು ತೂಕ ಹಾಕಬಹುದು. ಕೊಯೋಟೆಗೆ ಅಲ್ಲಿ ಜಾಗ ಇರುವುದಿಲ್ಲ. ಬೆಲೆ ದಿಢೀರ್ ಏರಿದ ವರ್ಷ ಈ ಹಣ ಇನ್ನೂ ಮುಖ್ಯ. ಮೊದಲೇ ಬೆಲೆ ನಿಗದಿಯಾಗಿ ಸಹಿ ಬಿದ್ದಿರುತ್ತದೆ, ಹೊರಗೆ ದಲ್ಲಾಳಿ ಜಾಸ್ತಿ ಕೊಡುತ್ತಿರುತ್ತಾನೆ, ಸದಸ್ಯರು ಅತ್ತ ವಾಲುತ್ತಾರೆ. ಸಂಘದ ಗೋದಾಮು ಖಾಲಿ, ತಲೆ ಮೇಲೆ ಒಪ್ಪಂದ. ಒಳ್ಳೆ ಬೆಲೆ ಬಂದ ವರ್ಷವೇ ಸಂಘಗಳು ನೆಲಕಚ್ಚುವುದು ಹೀಗೆ.

ಆದ್ದರಿಂದ ಕಾಫಿ ಕಂಪನಿ ರೈತರ ಪರ ಇದೆಯೋ ಇಲ್ಲವೋ ಅಂತ ನೋಡಲು ನಾನು ಮುದ್ರೆಗಿಂತ ಬೇರೆ ಕಡೆ ಕಣ್ಣು ಹಾಯಿಸುತ್ತೇನೆ. ಅದೇ ಸಂಘದಿಂದ ವರ್ಷ ವರ್ಷವೂ ಕೊಳ್ಳುತ್ತಿದ್ದಾರಾ? ಎಷ್ಟು ಬೆಲೆ ಕೊಟ್ಟರು ಅಂತ ಬರೆಯುತ್ತಾರಾ? ಮುಂಗಡ ಕೊಟ್ಟರಾ? ಅಮೆರಿಕದ ಈಕ್ವಲ್ ಎಕ್ಸ್‌ಚೇಂಜ್ 1986ರಲ್ಲಿ, ಬ್ರಿಟನ್ನಿನ ಕೆಫೆಡೈರೆಕ್ಟ್ 1991ರಲ್ಲಿ ಶುರುವಾದದ್ದೇ ಸಣ್ಣ ರೈತರ ಸಂಘಗಳ ಜೊತೆ ವ್ಯಾಪಾರ ಮಾಡಲಿಕ್ಕೆ. ಇನ್ನೊಂದು ತರದವರೂ ಇದ್ದಾರೆ. ಕೊಳ್ಳುವುದರಲ್ಲಿ ಒಂದು ಸಣ್ಣ ಪಾಲು ಮಾತ್ರ ಮುದ್ರೆಯ ಕಾಫಿ, ಜಾಹೀರಾತಿನಲ್ಲಿ ಮಾತ್ರ ನಗುವ ರೈತನ ದೊಡ್ಡ ಫೋಟೋ. ಆ ಫೋಟೋದ ರೈತನಿಗೆ ಎಷ್ಟು ಕೊಟ್ಟಿರಿ ಅಂತ ಕೇಳಿದರೆ "ಸುಸ್ಥಿರತೆ", "ಸಮುದಾಯ" ಅಂತ ನಾಲ್ಕು ಸಾಲಿನ ಉತ್ತರ ಬರುತ್ತದೆ.

ಗಿರಾಕಿಗಳ ಕೈಯಲ್ಲಿ ಇರುವುದು ಇದೇ ಅಂತ ನನಗನ್ನಿಸುತ್ತದೆ: ಕೇಳುವುದು, ಮತ್ತೆ ಬಿಡದೆ ಕೊಳ್ಳುವುದು. ಮುದ್ರೆ ಪಡೆದ ಸಂಘಗಳ ಕಾಫಿಯಲ್ಲಿ ದೊಡ್ಡ ಪಾಲು ಮುದ್ರೆಯ ಬೆಲೆಗೆ ಕೊಳ್ಳುವವರಿಲ್ಲದೆ ಸಾಮಾನ್ಯ ಕಾಫಿಯಾಗಿಯೇ ಮಾರಾಟವಾಗುತ್ತದೆ. ಮುದ್ರೆಗಾಗಿ ಸಂಘ ಕೊಡುವ ತಪಾಸಣೆಯ ಖರ್ಚು ಪೂರ್ತಿ, ಲಾಭ ಅರೆಬರೆ. ಹಬ್ಬಕ್ಕೆ ಒಂದು ಪ್ಯಾಕೆಟ್ ಉಡುಗೊರೆ ಕೊಟ್ಟರೆ ಇದು ಸರಿಹೋಗುವುದಿಲ್ಲ. ಆಫೀಸು, ಹಾಸ್ಟೆಲ್, ಕಾಲೇಜು ಕ್ಯಾಂಟೀನುಗಳಲ್ಲಿ ತಿಂಗಳಿಗೆ ಮೂಟೆಗಟ್ಟಲೆ ಕಾಫಿ ಮುಗಿಯುತ್ತದಲ್ಲ, ಅಲ್ಲಿ ಯಾವ ಕಾಫಿ ತರಿಸುತ್ತಾರೆ ಅನ್ನುವುದರಲ್ಲಿ ಇರುವ ಬಲ ಜಾಸ್ತಿ.

ಮುದ್ರೆಯ ಕಾಫಿ ಕುಡಿಯುವವರು ಇಷ್ಟಪಡದ ಒಂದು ಮಾತೂ ಇದೆ. ಹಣ್ಣು ಕೀಳುವವರು ಎಲ್ಲಿ? ಪ್ರೀಮಿಯಂ ಹಣವನ್ನು ಹೇಗೆ ಖರ್ಚು ಮಾಡಬೇಕು ಅಂತ ಸಂಘದ ಸದಸ್ಯರು ಸಭೆ ಸೇರಿ ತೀರ್ಮಾನಿಸುತ್ತಾರೆ. ಒಳ್ಳೆಯದೇ. ಆದರೆ ಕೂಲಿಗೆ ಬಂದವರು ಸದಸ್ಯರಲ್ಲ. ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಸಂಶೋಧಕರು ಇಥಿಯೋಪಿಯಾ, ಉಗಾಂಡಾಗಳಲ್ಲಿ ಅಧ್ಯಯನ ಮಾಡಿ 2014ರಲ್ಲಿ ವರದಿ ಕೊಟ್ಟರು. ಫೇರ್‌ಟ್ರೇಡ್ ಸಂಘಗಳಿದ್ದ ಕಡೆ ಕೂಲಿಯವರ ಸ್ಥಿತಿ ಬೇರೆ ಕಡೆಗಿಂತ ಚೆನ್ನಾಗಿರಲಿಲ್ಲ, ಎಷ್ಟೋ ಕಡೆ ಕೂಲಿ ಇನ್ನೂ ಕಮ್ಮಿ ಇತ್ತು ಅಂತ ಅದರಲ್ಲಿತ್ತು. ಹೋಲಿಸಿದ ರೀತಿಯೇ ಸರಿಯಿಲ್ಲ ಅಂತ ಫೇರ್‌ಟ್ರೇಡ್‌ನವರು ತಕರಾರು ತೆಗೆದರು. ಸಣ್ಣ ಹಿಡುವಳಿಯನ್ನು ದೊಡ್ಡ ಎಸ್ಟೇಟ್ ಜೊತೆ ತೂಗಿದರೆ ಹೇಗೆ ಅಂತ. ಆ ತಕರಾರಿನಲ್ಲೂ ಹುರುಳಿದೆ. ಆದರೂ ಕೂಲಿಯವರ ಪ್ರಶ್ನೆ ಅದರಿಂದ ಮುಚ್ಚಿಹೋಗುವುದಿಲ್ಲ.

ಇದಕ್ಕೆ ರೈತನ ಮೇಲೆ ಇನ್ನೊಂದು ಷರತ್ತು ಹೇರುವುದು ದಾರಿ ಅಲ್ಲ. ತನ್ನ ಮನೆ ಖರ್ಚಿಗೇ ಒದ್ದಾಡುವವನು ಬೇಸತ್ತು ಸಂಘ ಬಿಟ್ಟು ಕೊಯೋಟೆ ಹತ್ತಿರವೇ ಹೋಗುತ್ತಾನೆ. ಕೊಯ್ಲಿನವರಿಗೆ ಬದುಕುವಷ್ಟು ಕೂಲಿ ಎಷ್ಟಾಗುತ್ತದೆ ಅಂತ ಮೊದಲು ಲೆಕ್ಕ ಹಾಕಿ, ಅದನ್ನು ಕನಿಷ್ಠ ಬೆಲೆಯೊಳಗೇ ಸೇರಿಸಿ, ಕೊಳ್ಳುವ ಕಂಪನಿಯಿಂದ ವಸೂಲಿ ಮಾಡಬೇಕು. ಆಗ ಪ್ಯಾಕೆಟ್ ಬೆಲೆ ಇನ್ನೂ ಸ್ವಲ್ಪ ಏರಬಹುದು. ಏರಲಿ.