ಅಲ್ಲಿ ಕ್ಲಚ್ ಪ್ಲೇಟ್, ಇಲ್ಲಿ ಕ್ರೌನ್ ಪಿನಿಯನ್

ಟೈರ್ ದೊಡ್ಡದು ಹಾಕಿದ ಮೇಲೆ ಗಾಡಿ ಎಳೆಯುವುದಿಲ್ಲ ಎಂಬ ದೂರು ಮಡಿಕೇರಿಯಲ್ಲೂ ಅದೇ, ಡೆನ್ವರ್‌ನಲ್ಲೂ ಅದೇ. ಮದ್ದು ಮಾತ್ರ ಬೇರೆ. ಊರಲ್ಲಿ ಹಾಫ್ ಕ್ಲಚ್‌ನಲ್ಲಿ ಹತ್ತಿಸಿ ಹತ್ತಿಸಿ ಕೊನೆಗೆ ಕ್ಲಚ್ ಪ್ಲೇಟ್ ಬದಲಿಸುತ್ತಾರೆ. ಇಲ್ಲಿ ಕೊಲರಾಡೋದಲ್ಲಿ ಟೈರಿನ ಬೆನ್ನಿಗೇ ಎರಡೂ ಆಕ್ಸಲ್‌ಗಳ ಕ್ರೌನ್ ಪಿನಿಯನ್ (ಎಂಜಿನ್ನಿನ ತಿರುಗನ್ನು ಚಕ್ರಗಳಿಗೆ ದಾಟಿಸುವ ಹಲ್ಲುಚಕ್ರಗಳ ಜೋಡಿ) ಬದಲಿಸುತ್ತಾರೆ. ಇಲ್ಲಿನವರ ಮದ್ದು ಸರಿ, ಆದರೆ ಪ್ರಮಾಣ ಎಷ್ಟೋ ಸಲ ತಪ್ಪು. ಗಾಡಿ ಹೆಚ್ಚು ಹೊತ್ತು ಯಾವ ಗೇರ್‌ನಲ್ಲಿ ಓಡುತ್ತದೆ ಎಂದು ಕೇಳದೆ, ಟೈರಿನ ಇಂಚು ನೋಡಿ ಚಾರ್ಟ್‌ನ ಮೇಲೆ ಬೆರಳಿಡುತ್ತಾರೆ.

ಮೊದಲ ಲೆಕ್ಕ ಸುಲಭದ್ದು. ಈಗಿರುವ ಆಕ್ಸಲ್ ರೇಷಿಯೋವನ್ನು (ಚಕ್ರದ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತು ಎಂಬ ಸಂಖ್ಯೆ; ದೊಡ್ಡದಾದಷ್ಟೂ ಎಳೆತ ಹೆಚ್ಚು) ಹೊಸ ಟೈರಿನ ವ್ಯಾಸದಿಂದ ಗುಣಿಸಿ, ಹಳೆಯ ವ್ಯಾಸದಿಂದ ಭಾಗಿಸಬೇಕು. ಜೆಎಲ್ ಪೀಳಿಗೆಯ ಜೀಪ್ ರಾಂಗ್ಲರ್ ರುಬಿಕಾನ್ 4.10 ರೇಷಿಯೋ, 285/70 ಆರ್17 ಟೈರಿನೊಂದಿಗೆ ಬರುತ್ತದೆ. ಆ ಟೈರಿನ ವ್ಯಾಸ 32.7 ಇಂಚು. 37 ಇಂಚಿಗೆ ಹೋದರೆ ಉತ್ತರ 4.64. ಹಾಗೊಂದು ಸೆಟ್ ಅಂಗಡಿಯಲ್ಲಿ ಸಿಗದು, 4.56 ಅಥವಾ 4.88 ತೆಗೆದುಕೊಳ್ಳಬೇಕು. ನನ್ನ ಮತ 4.88ಕ್ಕೆ. ವ್ಯಾಸದ ಲೆಕ್ಕಕ್ಕೆ ಟೈರಿನ ತೂಕ ಗೊತ್ತಿಲ್ಲ, ಎತ್ತರಿಸಿದ ಗಾಡಿಗೆ ಹೊಡೆಯುವ ಗಾಳಿ ಗೊತ್ತಿಲ್ಲ, ಮುಂದೆ ನೇತುಹಾಕಿದ ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ರಾಟೆ) ಗೊತ್ತಿಲ್ಲ.

ಎರಡನೆಯ ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. ವೇಗ (ಕಿಮೀ), ಆಕ್ಸಲ್ ರೇಷಿಯೋ, ಗೇರ್‌ನ ರೇಷಿಯೋ ಮೂರನ್ನೂ ಗುಣಿಸಿ, 209ರಿಂದ ಗುಣಿಸಿ, ಟೈರಿನ ಇಂಚಿನಿಂದ ಭಾಗಿಸಿದರೆ ಎಂಜಿನ್ನಿನ ಆರ್‌ಪಿಎಂ ಸಿಗುತ್ತದೆ. 37 ಎಂದು ಬರೆದ ಟೈರ್ ಗಾಡಿಯ ಭಾರಕ್ಕೆ ಕುಗ್ಗಿ 36ರ ಆಸುಪಾಸಿಗೆ ಬರುತ್ತದೆ, ಅದನ್ನೇ ಹಿಡಿಯಬೇಕು. ಈ ಜೀಪಿನ ಎಂಟು ಸ್ಪೀಡ್ ಆಟೊಮ್ಯಾಟಿಕ್‌ನ ಕೊನೆಯ ಗೇರ್ 0.67. ಗಂಟೆಗೆ 104 ಕಿಮೀಯಲ್ಲಿ, ಕಂಪನಿಯ ಟೈರ್ (ಭಾರಕ್ಕೆ ಕುಗ್ಗಿ 32ರ ಆಸುಪಾಸು) ಇದ್ದಾಗ ಸುಮಾರು 1870. 37 ಹಾಕಿ ಕ್ರೌನ್ ಪಿನಿಯನ್ ಮುಟ್ಟದಿದ್ದರೆ 1660. ಎಂಟನೇ ಗೇರ್ ಇದ್ದೂ ಇಲ್ಲದಂತೆ, ಗೇರ್ ಪೆಟ್ಟಿಗೆ ಏಳಕ್ಕೂ ಆರಕ್ಕೂ ಓಡಾಡಿಕೊಂಡಿರುತ್ತದೆ. 4.88ಕ್ಕೆ 1970, 5.13ಕ್ಕೆ 2080. ಐ-70 ಹೆದ್ದಾರಿಯಲ್ಲಿ ಸುಮಾರು 3400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗದವರೆಗೆ ಏರುವವರಿಗೆ, ತೆಳುಗಾಳಿಯಲ್ಲಿ ಟರ್ಬೋ ಇಲ್ಲದ 3.6 ಲೀಟರ್ ಎಂಜಿನ್ ಮೂರನೇ ಒಂದರಷ್ಟು ಶಕ್ತಿ ಕಳೆದುಕೊಳ್ಳುವಾಗ, ಆ 5.13 ಕೂಡ ತಪ್ಪಲ್ಲ. ಬಯಲಲ್ಲೇ ಓಡಿಸುವವರಿಗೆ ಅದು ಬರೀ ಪೆಟ್ರೋಲ್ ದಂಡ.

ಹಳೆಯ ಚಾರ್ಟ್‌ಗಳು ಎಡವುವುದೂ ಇಲ್ಲೇ. 2007–11ರ ರಾಂಗ್ಲರ್‌ಗೆ ನಾಲ್ಕೇ ಸ್ಪೀಡಿನ ಆಟೊಮ್ಯಾಟಿಕ್. ಮೊದಲ ಗೇರ್ 2.84. ಅದಕ್ಕೆ 5.13 ಬೇಕೇ ಬೇಕಿತ್ತು. ಎಂಟು ಸ್ಪೀಡಿನದರ ಮೊದಲ ಗೇರ್ 4.71. ಹಳೆಯದಕ್ಕೆ ಬರೆದ ಚೀಟಿಯಲ್ಲಿ ಹೊಸದಕ್ಕೆ ಔಷಧಿ ಕೊಡಲಾಗದು.

ಇನ್ನು ನಮ್ಮ ಕಡೆ. ಚಾರ್ಮಾಡಿಯಲ್ಲೋ ಬಿಸಿಲೆಯಲ್ಲೋ ಟಾಪ್ ಗೇರ್‌ನ ಆರ್‌ಪಿಎಂ ಕಟ್ಟಿಕೊಂಡು ಏನು ಮಾಡುವುದು? ಅಲ್ಲಿ ಬದುಕೆಲ್ಲ ಎರಡು, ಮೂರನೇ ಗೇರ್‌ನಲ್ಲಿ. ಕೊಡಚಾದ್ರಿಯ ಜೀಪು ದಾರಿಯಲ್ಲಿ ಅದೂ ಇಲ್ಲ, ಲೋ ಹಾಕಿ ಒಂದನೇ ಗೇರ್. ಹಾಗಾಗಿ ಆಕ್ಸಲ್ ಬಿಚ್ಚುವ ಮೊದಲು ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ, ಹೈ–ಲೋ ಇರುವ ಪೆಟ್ಟಿಗೆ) ನೋಡುವುದು ಜಾಣತನ. ಜಿಪ್ಸಿ ಕಿಂಗ್‌ನ 205/70 ಆರ್15 ಟೈರ್ 26.3 ಇಂಚು. 235/75 ಹಾಕಿದರೆ 28.9, ಅಂದರೆ ಹತ್ತು ಪರ್ಸೆಂಟಿನಷ್ಟು ಎಳೆತ ಹೋಯಿತು. ಕಿಂಗ್‌ನ ಟ್ರಾನ್ಸ್‌ಫರ್ ಕೇಸ್ ಹೈ 1.409, ಲೋ 2.268. ಹಳೆಯ ಒಂದು ಲೀಟರಿನ ಜಿಪ್ಸಿಯದು 1.580 ಮತ್ತು 2.511. ಅದನ್ನು ಕೂರಿಸಿದರೆ ಹೈನಲ್ಲಿ 12, ಲೋನಲ್ಲಿ 11 ಪರ್ಸೆಂಟ್ ವಾಪಸ್. ಹೋದದ್ದು ಬಂತು, ಡಿಫರೆನ್ಶಿಯಲ್ ಮುಟ್ಟಲಿಲ್ಲ. ಮೌಂಟಿಂಗ್, ಫ್ಲ್ಯಾಂಜ್‌ನ ಬೋಲ್ಟ್ ತೂತು ಹೊಂದುತ್ತವೆಯೇ ಎಂದು ಕೊಳ್ಳುವ ಮೊದಲೇ ಅಳೆಯಬೇಕು, ಅಷ್ಟೆ. ಅಮೆರಿಕದ ಸಮುರಾಯ್ (ಅಲ್ಲಿ ಮಾರಿದ ಜಿಪ್ಸಿಯ ಸೋದರ) ಮಾಲೀಕರೂ ಇದನ್ನೇ ಮಾಡುತ್ತಾರೆ. ಈ ಒಂದು ವಿಷಯದಲ್ಲಿ ಎರಡೂ ಊರಿಗೆ ಒಮ್ಮತ.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಅದರ ಮೇಲೆ 2019ರ ಸುಪ್ರೀಂ ಕೋರ್ಟ್ ತೀರ್ಪು, ಎರಡೂ ಕಂಪನಿ ಕೊಟ್ಟ ವಿವರ ಮೀರಬೇಡಿ ಎನ್ನುತ್ತವೆ. ಹೊಸ ಥಾರ್‌ನ 245/75 ಆರ್16ಕ್ಕೂ 255/65 ಆರ್18ಕ್ಕೂ ವ್ಯಾಸದಲ್ಲಿ ಎರಡು ಪರ್ಸೆಂಟ್ ವ್ಯತ್ಯಾಸವಿಲ್ಲ. ಆ ಮಟ್ಟದಲ್ಲಿ ಗೇರ್‌ನ ಚಿಂತೆಯೇ ಬೇಡ.

ಕ್ರೌನ್ ಪಿನಿಯನ್ ಬದಲಿಸಲೇಬೇಕಾದರೆ ಕೆಲಸ ಕೆಡುವುದು ರೇಷಿಯೋದಿಂದಲ್ಲ, ಕೂರಿಸುವುದರಿಂದ. ಎರಡೂ ಜೋಡಿಯಾಗಿ ಉಜ್ಜಿ ಬಂದವು, ನಂಬರ್ ಒಂದೇ ಇರಬೇಕು. ಗುಜರಿಯಿಂದ ಕ್ರೌನ್ ಒಂದು ಕಡೆ, ಪಿನಿಯನ್ ಒಂದು ಕಡೆ ತಂದರೆ ಊಳಿಡುವುದು ಖಂಡಿತ. ಜೀಪುಗಳ ಹಳೆಯ ಡಾನಾ 44 ಆಕ್ಸಲ್ಲಿನಲ್ಲಿ 3.73ರವರೆಗೆ ಒಂದು ಕ್ಯಾರಿಯರ್ (ಕ್ರೌನ್ ಹೊರುವ ಭಾಗ), 3.92ರಿಂದ ಮೇಲೆ ಇನ್ನೊಂದು; ಇದನ್ನು ಮರೆತವರು ಹೌಸಿಂಗ್ ಬಿಚ್ಚಿಟ್ಟು ಪಾರ್ಸಲ್ ಕಾಯುತ್ತಾರೆ. ಪಿನಿಯನ್ ಆಳವನ್ನು ಶಿಮ್‌ನಿಂದ ಹೊಂದಿಸಿ, ಹಲ್ಲಿಗೆ ಹಳದಿ ಪೇಸ್ಟ್ ಬಳಿದು ತಿರುಗಿಸಿ ನೋಡಬೇಕು. ಗುರುತು ಹಲ್ಲಿನ ತುದಿಗೆ ಏರಿದ್ದರೆ ಪಿನಿಯನ್ ದೂರ ನಿಂತಿದೆ, ಬುಡಕ್ಕೆ ಇಳಿದಿದ್ದರೆ ತೀರಾ ಒಳಗೆ ಹೋಗಿದೆ. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಸಾಮಾನ್ಯವಾಗಿ 0.15ರಿಂದ 0.25 ಮಿಮೀ. ಡಯಲ್ ಗೇಜ್ ಇಲ್ಲದೆ ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ ಸಾರ್" ಎನ್ನುವ ಕಡೆ ಗಾಡಿ ಬಿಡಬೇಡಿ. ಕ್ರಶ್ ಸ್ಲೀವ್ (ಪಿನಿಯನ್ ನಟ್ ಬಿಗಿದಂತೆ ಕುಗ್ಗುವ ಕೊಳವೆ) ಒಮ್ಮೆ ಹೆಚ್ಚು ಬಿಗಿಯಾದರೆ ನಟ್ ಸಡಿಲಿಸಿ ಸರಿಮಾಡಲು ಬರುವುದಿಲ್ಲ, ಹೊಸದೇ ಹಾಕಬೇಕು.

4.10ಕ್ಕೆ ಹಲ್ಲು 41 ಮತ್ತು 10. 4.88ಕ್ಕೆ 39 ಮತ್ತು 8. ಪಿನಿಯನ್ ಚಿಕ್ಕದಾದಷ್ಟೂ ಬಲ ಕಡಿಮೆ. ಅಗತ್ಯಕ್ಕಿಂತ ಆಳದ (ದೊಡ್ಡ ಸಂಖ್ಯೆಯ) ರೇಷಿಯೋ ಬೇಡ ಎನ್ನಲು ಇದೂ ಕಾರಣ. ಹಣ ಉಳಿಸಲು ಹಿಂದಿನದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಮುಂದಿನ, ಹಿಂದಿನ ಚಕ್ರಗಳು ಒಂದಕ್ಕೊಂದು ಎದುರಾಗಿ ಎಳೆದು ಟ್ರಾನ್ಸ್‌ಫರ್ ಕೇಸ್ ಒಡೆಯುತ್ತವೆ. ಹೊಸ ಸೆಟ್ಟನ್ನು ಮೊದಲ 25–30 ಕಿಮೀ ಹಗುರವಾಗಿ ಓಡಿಸಿ ಅರ್ಧ ಗಂಟೆ ತಣಿಯಲು ಬಿಡಬೇಕು. 800 ಕಿಮೀಗೆ ಎಣ್ಣೆ ಬದಲಿಸಬೇಕು, ಅಲ್ಲಿಯವರೆಗೆ ಟ್ರೈಲರ್ ಎಳೆಯಬಾರದು.

ಏರುವಾಗಿನ ಎಳೆತದ ಬಗ್ಗೆ ಎರಡೂ ಕಡೆ ಮಾತು ಜಾಸ್ತಿ. ಘಟ್ಟ ಇಳಿಯುವಾಗಿನ ಮಾತು ಎಲ್ಲೂ ಕೇಳುವುದಿಲ್ಲ. ಟೈರ್ ದೊಡ್ಡದಾದಾಗ ಎಂಜಿನ್ ಬ್ರೇಕ್ ಕೂಡ ಅಷ್ಟೇ ಪಾಲು ಸಡಿಲವಾಗುತ್ತದೆ, ಭಾರದ ಚಕ್ರ ನಿಲ್ಲಿಸುವ ಕೆಲಸವೂ ಬ್ರೇಕ್ ಪ್ಯಾಡಿನ ಮೇಲೇ ಬೀಳುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಇಳಿಯುವವರಿಗೆ ರೇಷಿಯೋ ಸರಿಪಡಿಸಲು ಈ ಒಂದು ಕಾರಣವೇ ಸಾಕು.